ಶೀರ್ಷಿಕೆ ಇಲ್ಲ, ತಾರೀಖಿಲ್ಲ, ಗೆರೆ ಮಾತ್ರ

ಸುಮಾರು ಒಂದೂವರೆ ಅಡಿ ಎತ್ತರ, ಎರಡಡಿ ಅಗಲದ ಕಾಗದ. ಎಡಬದಿಯ ಕೆಳಗಿಂದ ಒಂದಷ್ಟು ಓರೆಗೆರೆಗಳು ಹೊರಟು ಬಲಕ್ಕೆ ಏರುತ್ತವೆ. ಮೊದಮೊದಲು ಒತ್ತೊತ್ತಾಗಿ, ಆಮೇಲೆ ಬಿಡಿಬಿಡಿಯಾಗಿ. ಕೆಲವು ಶಾಯಿಯವು, ಕೆಲವು ಪೆನ್ಸಿಲಿನವು. ಒಂದು ಮಾತ್ರ ಪಕ್ಕದವಕ್ಕಿಂತ ತುಸು ದಪ್ಪ. ಕಾಗದದ ಅಂಚು ಮುಟ್ಟುವ ಮೊದಲೇ ಎಲ್ಲವೂ ನಿಂತುಬಿಡುತ್ತವೆ. ಉಳಿದದ್ದು ಖಾಲಿ. ನಸ್ರೀನ್ ಮೊಹಮದಿಯವರು ತಮ್ಮ ಕೊನೆಯ ಹತ್ತು–ಹದಿನೈದು ವರ್ಷಗಳಲ್ಲಿ ಮಾಡಿದ ರೇಖಾಚಿತ್ರಗಳಲ್ಲಿ ಬಹಳಷ್ಟು ಹೆಚ್ಚೂಕಡಿಮೆ ಈ ಬಗೆಯವು.

ಇಂಥ ಚಿತ್ರದ ಮುಂದೆ ಬಂದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಕೆಲವರು ‘ಸ್ಕೇಲು ಕೊಟ್ಟರೆ ನಮ್ಮ ಹುಡುಗನೂ ಎಳೀತಾನೆ’ ಎಂದು ಮುಂದಿನ ಕೋಣೆಗೆ ನಡೆಯುತ್ತಾರೆ. ಇನ್ನು ಕೆಲವರು ಚಿತ್ರ ನೋಡುವ ಮೊದಲು ಪಕ್ಕದ ಚೀಟಿಯತ್ತ ಬಾಗುತ್ತಾರೆ. ಚೀಟಿಯಲ್ಲಿ ‘ಶೀರ್ಷಿಕೆ ಇಲ್ಲ’ ಎಂದಿರುತ್ತದೆ. ಇಸವಿಯ ಜಾಗದಲ್ಲಿ ‘ಸುಮಾರು’ ಎಂಬ ಮಾತು. ನಸ್ರೀನ್ ತಮ್ಮ ಚಿತ್ರಗಳಿಗೆ ಹೆಸರಿಡಲಿಲ್ಲ, ಬಹುತೇಕ ತಾರೀಖನ್ನೂ ಹಾಕಲಿಲ್ಲ. ಈ ಇಬ್ಬರಲ್ಲಿ ನನಗೆ ಮೊದಲಿನವರ ಮೇಲೇ ಗೌರವ ಹೆಚ್ಚು. ಅವರು ಕಡೇಪಕ್ಷ ಚಿತ್ರ ನೋಡಿ ಮಾತಾಡಿದರು.

‘ಇದರ ಅರ್ಥ ಏನು?’ ಎಂಬ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ತೊಡಕಿರುವುದು ನಾವು ಅದನ್ನು ಕೇಳುವ ರೀತಿಯಲ್ಲಿ. ಗೆರೆಯ ಹಿಂದೆ ಏನೋ ಅಡಗಿದೆ, ಬಲ್ಲವರು ಯಾರಾದರೂ ಬಂದು ಬಿಡಿಸಿ ಹೇಳಿದರೆ ಸಿಕ್ಕಿಬಿಡುತ್ತದೆ ಎಂದು ಕಾಯುತ್ತೇವೆ. ಈ ಬಗೆಯ ಚಿತ್ರದಲ್ಲಿ ಹಿಂದೆ ಅಡಗಿರುವುದು ಬರೀ ಗೋಡೆ. ಇರುವುದೆಲ್ಲ ಮುಂದೆಯೇ ಇದೆ: ಎರಡು ಗೆರೆಗಳ ನಡುವೆ ಎಷ್ಟು ಜಾಗ, ಯಾವುದಕ್ಕೆ ಎಷ್ಟು ಭಾರ, ಯಾವ ಕೋನ, ಎಲ್ಲಿ ನಿಲುಗಡೆ. ಕಲಾವಿದೆ ಒಂದೊಂದಾಗಿ ಮಾಡಿದ ಈ ತೀರ್ಮಾನಗಳನ್ನು ನೋಡುಗರು ಒಂದೊಂದಾಗಿ ಗಮನಿಸುತ್ತ ಹೋದಾಗ ಹುಟ್ಟುವುದೇ ಇದರ ಅರ್ಥ. ಇದು ನುಣುಚಿಕೊಳ್ಳುವ ಉತ್ತರವಲ್ಲ ಎಂಬುದನ್ನು ನಸ್ರೀನ್ ಅವರ ಕೆಲಸದ ಕಡೆಯಿಂದಲೇ ತೋರಿಸಬಹುದು.

ನಸ್ರೀನ್ ಹುಟ್ಟಿದ್ದು 1937ರಲ್ಲಿ, ಕರಾಚಿಯಲ್ಲಿ. 1944ರಲ್ಲಿ ಕುಟುಂಬ ಬೊಂಬಾಯಿಗೆ ಬಂತು. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡರು. ತಂದೆಗೆ ಬಹ್ರೇನ್‌ನಲ್ಲಿ ಕ್ಯಾಮೆರಾ ಸಾಮಗ್ರಿಯ ವ್ಯಾಪಾರವಿತ್ತು. 1954ರಿಂದ 57ರವರೆಗೆ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾಶಾಲೆ, 1961ರಿಂದ 63ರವರೆಗೆ ಪ್ಯಾರಿಸ್. ನಡುವೆ ಬೊಂಬಾಯಿಯ ಭೂಲಾಭಾಯಿ ದೇಸಾಯಿ ಸಂಸ್ಥೆ. ಒಂದೇ ಸೂರಿನಡಿ ರವಿಶಂಕರ್ ಸಿತಾರ್ ಕಲಿಸುತ್ತಿದ್ದ, ಅಲ್ಕಾಜಿ ನಾಟಕ ಮಾಡಿಸುತ್ತಿದ್ದ, ಚಿತ್ರಕಾರರು ಸ್ಟುಡಿಯೊ ಇಟ್ಟುಕೊಂಡಿದ್ದ ಜಾಗವದು. ಚಿತ್ರಕಾರ ವಾಸುದೇವ ಗಾಯ್ತೊಂಡೆಯವರ ಸಹವಾಸ ಅವರಿಗೆ ದಕ್ಕಿದ್ದು ಅಲ್ಲಿ. 1972ರಿಂದ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದ ಕಲಾ ವಿಭಾಗದಲ್ಲಿ ಅಧ್ಯಾಪಕಿ. 1990ರ ಮೇ ತಿಂಗಳಲ್ಲಿ ಅಲಿಬಾಗ್ ಹತ್ತಿರದ ಕಿಹಿಮ್ ಎಂಬ ಕಡಲತಡಿಯ ಊರಿನಲ್ಲಿ, ಐವತ್ಮೂರು ತುಂಬುವ ಹೊತ್ತಿಗೆ, ತೀರಿಕೊಂಡರು. (ಹಕ್ಕಿ ವಿಜ್ಞಾನಿ ಸಲೀಂ ಅಲಿ 1930ರಲ್ಲಿ ಗೀಜಗ ಗೂಡು ಹೆಣೆಯುವುದನ್ನು ಕೂತು ನೋಡಿದ್ದೂ ಇದೇ ಕಿಹಿಮ್‌ನಲ್ಲಿ. ತಾಳ್ಮೆಯಿಂದ ನೋಡುವವರಿಗೆ ಹೇಳಿಮಾಡಿಸಿದ ಊರಿರಬೇಕು.)

ಅವರು ಬರೋಡಾದಲ್ಲಿದ್ದ ಕಾಲವನ್ನು ನೆನೆದರೆ ಆ ಚಿತ್ರಗಳ ಒಂಟಿತನ ಗೊತ್ತಾಗುತ್ತದೆ. ಭೂಪೇನ್ ಖಖ್ಖರ್, ಗುಲಾಮ್ ಮೊಹಮ್ಮದ್ ಶೇಖ್ ಮೊದಲಾದವರು ಮನುಷ್ಯರನ್ನು, ಬೀದಿಯನ್ನು, ಕಥೆಯನ್ನು ಚಿತ್ರಕ್ಕೆ ಮರಳಿ ತರುತ್ತಿದ್ದ ಊರದು. 1981ರ ‘ಪ್ಲೇಸ್ ಫಾರ್ ಪೀಪಲ್’ ಪ್ರದರ್ಶನ ಆ ಹಾದಿಯ ಘೋಷಣೆಯಂತೆಯೇ ಇತ್ತು. ಪಕ್ಕದಲ್ಲಿ ಈಕೆ ಒಬ್ಬರೇ, ಜನರೂ ಇಲ್ಲದ, ಬಣ್ಣವೂ ಇಲ್ಲದ ಕಾಗದದ ಮೇಲೆ ಗೆರೆ ಎಳೆಯುತ್ತ ಕೂತಿದ್ದರು. ಆ ಪ್ರದರ್ಶನಕ್ಕೆ ಬರೆದ ವಿಮರ್ಶಕಿ ಗೀತಾ ಕಪೂರ್ ಅವರೇ ಮುಂದೆ ನಸ್ರೀನ್ ಬಗ್ಗೆ ಬಹಳ ಆಪ್ತವಾದ ಶೋಕಪ್ರಬಂಧವನ್ನೂ ಬರೆದರು.

ಕೆಲಸದ ಸಲಕರಣೆಗಳು ಕಟ್ಟಡದ ನಕಾಶೆ ಮಾಡುವವರವು: ಡ್ರಾಫ್ಟಿಂಗ್ ಮೇಜು, ಸ್ಕೇಲು, ಗೆರೆ ಎಳೆಯುವ ಪೆನ್ನು, ಪೆನ್ಸಿಲು. ಕಂಪ್ಯೂಟರ್ ಬರುವ ಮುಂಚೆ ಎಂಜಿನಿಯರಿಂಗ್ ಓದಿದವರಿಗೆ ರೂಲಿಂಗ್ ಪೆನ್ನಿನ ಕಾಟ ನೆನಪಿದ್ದೀತು. ಚಿಮಟದ ಹಾಗೆ ಎರಡು ಉಕ್ಕಿನ ನಾಲಿಗೆ, ನಡುವೆ ಒಂದು ತೊಟ್ಟು ಶಾಯಿ. ಪಕ್ಕದ ತಿರುಪು ಬಿಗಿ ಮಾಡಿದರೆ ಗೆರೆ ಸಣ್ಣ, ಸಡಿಲಿಸಿದರೆ ದಪ್ಪ. ಪೆನ್ನು ಸ್ಕೇಲಿನತ್ತ ಸ್ವಲ್ಪ ಹೆಚ್ಚು ವಾಲಿದರೆ ಶಾಯಿ ಸ್ಕೇಲಿನಡಿಗೆ ನುಗ್ಗಿ ಹಾಳೆ ಹಾಳು. ನಿಧಾನ ಮಾಡಿದರೆ ಗೆರೆ ಊದಿಕೊಳ್ಳುತ್ತದೆ, ಅವಸರ ಮಾಡಿದರೆ ನಡುವೆ ಕಡಿಯುತ್ತದೆ. ಎತ್ತುವಾಗ ಕೈ ತಡವರಿಸಿದರೆ ತುದಿಯಲ್ಲಿ ಒಂದು ಬೊಟ್ಟು. ನೂರು ಗೆರೆ ಸರಿಯಾಗಿ ಬಂದು ನೂರೊಂದನೆಯದು ಕೆಟ್ಟರೆ ಅಳಿಸಲು ರಬ್ಬರು ನೆರವಿಗೆ ಬರುವುದಿಲ್ಲ.

ಇಷ್ಟು ಕಷ್ಟಪಟ್ಟರು, ಆದ್ದರಿಂದ ಚಿತ್ರ ದೊಡ್ಡದು ಎಂದು ನಾನು ವಾದಿಸುತ್ತಿಲ್ಲ. ಕಷ್ಟವೇ ಅಳತೆಗೋಲಾದರೆ ಇಂದಿನ ಪ್ರಿಂಟರ್ ನಸ್ರೀನ್‌ಗಿಂತ ನೇರವಾದ ಗೆರೆಗಳನ್ನು ನಿಮಿಷದಲ್ಲಿ ಎಳೆದು ಅವರನ್ನು ಸೋಲಿಸುತ್ತದೆ. ಸಲಕರಣೆಯ ವಿಷಯ ಎತ್ತಿದ್ದು ಬೇರೆ ಕಾರಣಕ್ಕೆ. ಇಷ್ಟು ಬಿಗುವಿನ ಕೆಲಸದಲ್ಲಿ ಯಾವುದೂ ಸುಮ್ಮನೆ ಆಗುವುದಿಲ್ಲ. ಪಕ್ಕದ ಗೆರೆ ತುಸು ದಪ್ಪವಾಗಿದ್ದರೆ ಯಾರೋ ತಿರುಪನ್ನು ಬೇಕೆಂದೇ ತಿರುಗಿಸಿದ್ದಾರೆ. ಶಾಯಿಯ ಗೆರೆ ಮುಗಿದ ಕಡೆ ಪೆನ್ಸಿಲಿನದು ಶುರುವಾದರೆ ಅಲ್ಲಿ ಕೈ ನಿಂತು, ಯೋಚಿಸಿ, ಸಲಕರಣೆ ಬದಲಿಸಿದೆ. ನೋಡುಗರ ಕೆಲಸ ಈ ಜಾಗಗಳನ್ನು ಪತ್ತೆ ಮಾಡುವುದರಿಂದ ಶುರುವಾಗುತ್ತದೆ.

ಗೆರೆಗಳ ನಡುವಿನ ಅಂತರ ಏನು ಮಾಡಬಲ್ಲದು ಎಂದು ತಿಳಿಯಲು ಒಂದು ಪುಟ್ಟ ಪ್ರಯೋಗ ಸಾಕು. ಒಂದು ಹಾಳೆಯಲ್ಲಿ ಒಂದೊಂದು ಸೆಂಟಿಮೀಟರ್ ಬಿಟ್ಟು ಹದಿನೈದು ಅಡ್ಡಗೆರೆ ಎಳೆಯಿರಿ. ಹಾಳೆ ಹಾಳೆಯಾಗಿಯೇ ಉಳಿಯುತ್ತದೆ. ಇನ್ನೊಂದು ಹಾಳೆಯಲ್ಲಿ ಕೆಳಗಿನಿಂದ ಶುರುಮಾಡಿ: ಮೊದಲ ಅಂತರ ಎರಡು ಸೆಂಟಿಮೀಟರ್, ಮುಂದಿನದು ಅದಕ್ಕಿಂತ ಕಡಿಮೆ, ಅದರ ಮುಂದಿನದು ಇನ್ನೂ ಕಡಿಮೆ, ಕೊನೆಗೆ ಗೆರೆಗಳು ಒಂದಕ್ಕೊಂದು ಅಂಟುವಷ್ಟು. ಈಗ ಹಾಳೆಯನ್ನು ತೋಳಳತೆಯ ದೂರದಲ್ಲಿ ಹಿಡಿದು ನೋಡಿ. ಅದು ನೆಲದ ಹಾಗೆ ಮಲಗುತ್ತದೆ. ಮೇಲ್ಗಡೆ ದಿಗಂತ ಬಂದಿರುತ್ತದೆ. ನೀವು ನೆಲ ಬರೆದಿಲ್ಲ, ದಿಗಂತ ಬರೆದಿಲ್ಲ, ಅಂತರವನ್ನಷ್ಟೇ ಬದಲಿಸಿದ್ದೀರಿ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಗಿಬ್ಸನ್ 1950ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದರ ಕಾರಣವನ್ನು ವಿವರಿಸಿದ್ದರು. ನೆಲದ ಮೇಲಿನ ಕಲ್ಲು, ಹುಲ್ಲು, ಉತ್ತ ಸಾಲು ದೂರ ಹೋದಂತೆ ಕಣ್ಣಿಗೆ ಒತ್ತಾಗಿ ಕಾಣುತ್ತವೆ. ಎಲ್ಲೇ ಆಗಲಿ ಹಾಗೆ ಕ್ರಮವಾಗಿ ಒತ್ತಾಗುವುದನ್ನು ಕಂಡರೆ ಕಣ್ಣು ಅದನ್ನು ದೂರ ಎಂದೇ ಓದಿಕೊಳ್ಳುತ್ತದೆ. ಇನ್ನೂ ಒಂದು ಹೆಜ್ಜೆ ಒಳಗೆ ಹೋದರೆ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಸಿಗುತ್ತಾರೆ. 1950ರ ದಶಕದ ಕೊನೆಯಲ್ಲಿ ಅವರು ಬೆಕ್ಕಿನ ಮಿದುಳಿನ ದೃಷ್ಟಿಕೇಂದ್ರದ ಜೀವಕೋಶಗಳನ್ನು ಪರೀಕ್ಷಿಸುತ್ತಿದ್ದರು. ಚುಕ್ಕೆ ತೋರಿಸಿದರೆ ಕೋಶ ಮಿಸುಕುತ್ತಿರಲಿಲ್ಲ. ಗಾಜಿನ ಸ್ಲೈಡನ್ನು ಯಂತ್ರಕ್ಕೆ ತೂರಿಸುವಾಗ ಅದರ ಅಂಚಿನ ನೆರಳು ಪರದೆಯ ಮೇಲೆ ಸರಿದಾಗ ಮಾತ್ರ ಅದು ಜೋರಾಗಿ ಸ್ಪಂದಿಸಿತು. ಕೋಶ ಕಾಯುತ್ತಿದ್ದದ್ದು ಒಂದು ಗೆರೆಗೆ, ಅದೂ ಒಂದು ನಿರ್ದಿಷ್ಟ ಕೋನದ ಗೆರೆಗೆ. ಈ ಹಾದಿಯ ಕೆಲಸಕ್ಕೆ ಅವರಿಗೆ 1981ರಲ್ಲಿ ನೊಬೆಲ್ ಬಂತು. ನಿಂತ ಗೆರೆ, ಮಲಗಿದ ಗೆರೆ ಇವುಗಳ ಸಣ್ಣ ವ್ಯತ್ಯಾಸವನ್ನು ಹಿಡಿಯುವಷ್ಟು ಚುರುಕಾಗಿ ನಮ್ಮ ಕಣ್ಣು ಓರೆಗೆರೆಯದನ್ನು ಹಿಡಿಯುವುದಿಲ್ಲ ಎಂಬುದೂ ಪ್ರಯೋಗಗಳಲ್ಲಿ ಕಂಡುಬಂದಿದೆ. ಓರೆ ಕಂಡಾಗ ಅದು ಇನ್ನೂ ಬೀಳುತ್ತಿದೆಯೋ ಏಳುತ್ತಿದೆಯೋ ಎಂಬ ಅನುಮಾನ ನಮ್ಮಲ್ಲಿ ಉಳಿಯುವುದಕ್ಕೆ ಇದೂ ಒಂದು ಕಾರಣವಿದ್ದೀತು. 1920ರ ದಶಕದಲ್ಲಿ ಮೊಂಡ್ರಿಯಾನ್ ಮತ್ತು ಫಾನ್ ದೂಸ್‌ಬರ್ಗ್ ಎಂಬ ಚಿತ್ರಕಾರ ಗೆಳೆಯರು ದೂರವಾದದ್ದಕ್ಕೆ ಚಿತ್ರದಲ್ಲಿ ಓರೆಗೆರೆ ಸಲ್ಲುತ್ತದೋ ಇಲ್ಲವೋ ಎಂಬ ಜಗಳವೂ ಕಾರಣ ಎನ್ನುತ್ತಾರೆ. ಹೊರಗಿನವರಿಗೆ ಇದು ನಗೆಯ ವಿಷಯ. ನಸ್ರೀನ್ ಅವರ ಚಿತ್ರಗಳನ್ನು ಸಾಲಾಗಿ ನೋಡಿದವರಿಗೆ ನಗು ಬರುವುದಿಲ್ಲ. 1970ರ ದಶಕದ ಮೊದಲ ಭಾಗದ ಜಾಲರಿಗಳು, ಅಂದರೆ ಅಡ್ಡ–ಉದ್ದ ಗೆರೆಗಳ ಹೆಣಿಗೆಗಳು, ಗಟ್ಟಿಯಾಗಿ ನಿಂತಿವೆ. ಮುಂದೆ ಓರೆ ಬಂದ ಮೇಲೆ ಅದೇ ಗೆರೆಗಳು ನೆಲ ಬಿಡುತ್ತವೆ.

ವಿಜ್ಞಾನ ಇಲ್ಲಿಗೆ ನಿಲ್ಲಬೇಕು. ಕಣ್ಣು ಗೆರೆಯನ್ನು ಹೇಗೆ ಹಿಡಿಯುತ್ತದೆ ಎಂದು ಅದು ಹೇಳೀತು. ಈ ಗೆರೆಯ ಮುಂದೆ ಹತ್ತು ನಿಮಿಷ ನಿಂತದ್ದು ಯಾಕೆ, ಆ ಗೆರೆಯನ್ನು ಅರೆಕ್ಷಣದಲ್ಲಿ ದಾಟಿದ್ದು ಯಾಕೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ನೋಡುವವರು ಎಲ್ಲಿ ನಿಂತಿದ್ದಾರೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕೆನಡಾದ ಹಳ್ಳಿಗಾಡಿನಲ್ಲಿ 1912ರಲ್ಲಿ ಹುಟ್ಟಿ, ಅಮೆರಿಕದ ನ್ಯೂ ಮೆಕ್ಸಿಕೊ ಮರುಭೂಮಿಯಲ್ಲಿ ಬಾಳಿನ ಕೊನೆಯ ದಶಕಗಳನ್ನು ಕಳೆದ ಆಗ್ನೆಸ್ ಮಾರ್ಟಿನ್ ಆರಡಿ ಚೌಕದ ಕ್ಯಾನ್ವಾಸಿನ ಮೇಲೆ ಪೆನ್ಸಿಲಿನಿಂದ ಜಾಲರಿ ಎಳೆಯುತ್ತಿದ್ದರು. 1971ರಲ್ಲಿ ಕಾಶಾ ಲಿನ್ವಿಲ್ ಎಂಬ ವಿಮರ್ಶಕಿ ಆ ಚಿತ್ರಗಳ ಬಗ್ಗೆ ಬರೆಯುತ್ತಾ ಒಂದು ಸರಳ ಸಂಗತಿಯನ್ನು ಗುರುತಿಸಿದರು. ಹತ್ತಿರ ಹೋದರೆ ಪೆನ್ಸಿಲು ಬಟ್ಟೆಯ ನೇಯ್ಗೆಯ ಮೇಲೆ ಎಡವಿ ನಡೆದದ್ದು ಕಾಣುತ್ತದೆ. ನಾಲ್ಕು ಹೆಜ್ಜೆ ಹಿಂದೆ ಬಂದರೆ ಗೆರೆ ಕರಗಿ ಮಂಜು ಕವಿಯುತ್ತದೆ. ಇನ್ನೂ ಹಿಂದೆ ಹೋದರೆ ಮಂಜೂ ಹೋಗಿ ಚಿತ್ರ ಗೋಡೆಯಷ್ಟು ಗಟ್ಟಿಯಾಗುತ್ತದೆ. ಒಂದೇ ಚಿತ್ರ, ಮೂರು ದೂರ. ಇಷ್ಟು ಪ್ರಯೋಜನಕ್ಕೆ ಬರುವ ಕಲಾವಿಮರ್ಶೆಯನ್ನು ನಾನು ಹೆಚ್ಚು ಓದಿಲ್ಲ.

ನಸ್ರೀನ್ ಅವರನ್ನು ‘ಭಾರತದ ಆಗ್ನೆಸ್ ಮಾರ್ಟಿನ್’ ಎಂದು ಕರೆಯುವ ಚಾಳಿ ಒಂದಿದೆ. ಇಬ್ಬರಿಗೂ ಇದರಿಂದ ಅನ್ಯಾಯ. ಮಾರ್ಟಿನ್ ಅವರ ಜಾಲರಿ ಅಂಚಿನಿಂದ ಅಂಚಿಗೆ ತುಂಬಿ ಸಮನಾಗಿ ಉಸಿರಾಡುತ್ತದೆ. ನಸ್ರೀನ್ ಅವರ ಗೆರೆ ಕಾಗದವನ್ನು ಸೀಳಿಕೊಂಡು ಹೋಗುತ್ತದೆ. ಒಂದರ ಮುಂದೆ ನೆಮ್ಮದಿ, ಇನ್ನೊಂದರ ಮುಂದೆ ಎಚ್ಚರ. ಕಡಿಮೆ ಬಳಸಿದವರೆಲ್ಲ ಒಂದೇ ಮಾತಾಡುತ್ತಾರೆ ಎಂದುಕೊಳ್ಳುವುದು ಸೋಮಾರಿ ನೋಟ.

ಇನ್ನು ಅರ್ಥ ಬಿಡಿಸುವವರಿಗೆ ನಸ್ರೀನ್ ಅವರ ಬದುಕಿನಲ್ಲಿ ಎರಡು ಬೀಗದ ಕೈಗಳು ಸಿಕ್ಕಿವೆ. ಮೊದಲನೆಯದು ಫೋಟೊಗಳು. ತಂದೆಯ ವ್ಯಾಪಾರದಿಂದಾಗಿ ಕ್ಯಾಮೆರಾ ಅವರಿಗೆ ಹೊಸದಲ್ಲ. ಮಗ್ಗಕ್ಕೆ ಹಾಸಿದ ನೂಲು, ಫತೇಪುರ್ ಸಿಕ್ರಿಯ ಕಲ್ಲುಹಾಸು, ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿದ ಗುರುತು, ಮರುಭೂಮಿ, ರಸ್ತೆಯ ಪಟ್ಟೆ, ಇವನ್ನೆಲ್ಲ ಅವರು ಕಪ್ಪು–ಬಿಳುಪಿನಲ್ಲಿ ತೆಗೆದಿದ್ದರು. ಬದುಕಿದ್ದಾಗ ಅವನ್ನು ಪ್ರದರ್ಶನಕ್ಕಿಡಲಿಲ್ಲ. ಅವರು ಹೋದ ಮೇಲೆ ಫೋಟೊಗಳು ಹೊರಬಂದವು. ಓಹೋ, ಆ ಚಿತ್ರದ ಗೆರೆ ಈ ಮಗ್ಗದ ನೂಲು, ಈ ಚಿತ್ರದ ಗೆರೆ ಆ ಕಡಲ ಅಲೆ ಎಂದು ಹೊಂದಿಸುವ ಕೆಲಸ ಶುರುವಾಯಿತು. ಹೊಂದಿಸಿ ನೋಡುವುದರಲ್ಲಿ ಸಂತೋಷವಿದೆ, ನಾನೂ ನೋಡಿದ್ದೇನೆ. ಆದರೆ ಫೋಟೊದಲ್ಲಿ ಕಾಣುವುದು ಚಿತ್ರದ ಮೂಲವಲ್ಲ, ಅದೇ ಕಣ್ಣಿನ ಇನ್ನೊಂದು ಕೆಲಸ. ಮಗ್ಗದ ಮುಂದೆ ಕ್ಯಾಮೆರಾ ಹಿಡಿದು ನಿಂತವರು ನೇಕಾರನನ್ನು ಬಿಟ್ಟು, ಸೀರೆಯನ್ನು ಬಿಟ್ಟು, ಎಳೆ ಮತ್ತು ಎಳೆಯ ನಡುವಿನ ಕತ್ತಲನ್ನೇ ಆರಿಸಿಕೊಂಡರಲ್ಲ, ಗಮನಿಸಬೇಕಾದದ್ದು ಆ ಆಯ್ಕೆ.

ಎರಡನೆಯದು ಕಾಯಿಲೆ. ದೇಹದ ಚಲನೆಯ ಮೇಲಿನ ಹಿಡಿತವನ್ನು ನಿಧಾನವಾಗಿ ಕಸಿದುಕೊಳ್ಳುವ ನರರೋಗ ಅವರಿಗಿತ್ತು. ಕೊನೆಯ ವರ್ಷಗಳಲ್ಲಿ ನಡಿಗೆ ತಪ್ಪುತ್ತಿತ್ತು, ಕೈ ಮಾತು ಕೇಳುತ್ತಿರಲಿಲ್ಲ. ಆಗಲೂ ಗೆರೆ ಕದಲಲಿಲ್ಲ. ಯಾರಿಗಾದರೂ ಮನಸ್ಸು ಕಲಕುವ ಸಂಗತಿ. ಇದನ್ನೇ ಹಿಡಿದು ‘ಅಲುಗುವ ದೇಹದ ವಿರುದ್ಧ ಅಲುಗದ ಗೆರೆ’ ಎಂಬ ಕಥೆ ಕಟ್ಟುವುದು ಸುಲಭ. ಬಹಳ ಮಂದಿ ಕಟ್ಟಿಯೂ ಆಗಿದೆ. ನನಗೆ ಈ ಕಥೆ ಒಗ್ಗುವುದಿಲ್ಲ. ಕಾಯಿಲೆ ಗೊತ್ತಿಲ್ಲದ ನೋಡುಗರಿಗೆ ಚಿತ್ರ ಕೆಲಸ ಮಾಡದೆ ಹೋದರೆ ಅದು ಚಿತ್ರವಲ್ಲ, ವೈದ್ಯಕೀಯ ದಾಖಲೆ. ಗೊತ್ತಿಲ್ಲದವರಿಗೂ ಅದು ಕೆಲಸ ಮಾಡುತ್ತದೆ. 2007ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಕಲಾಪ್ರದರ್ಶನದಲ್ಲಿ, 2016ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರಾಯರ್ ಸಂಗ್ರಹಾಲಯದ ಉದ್ಘಾಟನಾ ಪ್ರದರ್ಶನಗಳಲ್ಲಿ ಒಂದಾಗಿ ಈ ಕೃತಿಗಳು ಗೋಡೆಗೇರಿದಾಗ ಅವುಗಳ ಮುಂದೆ ನಿಂತವರಲ್ಲಿ ಎಷ್ಟೋ ಮಂದಿಗೆ ಬರೋಡಾವೂ ಗೊತ್ತಿರಲಿಕ್ಕಿಲ್ಲ, ರೋಗವೂ ಗೊತ್ತಿರಲಿಕ್ಕಿಲ್ಲ.

ಹಾಗಾದರೆ ಗೆರೆಗೆ ಹೊರಗಿನ ಅರ್ಥ ಅಂಟುವುದೇ ಇಲ್ಲವೆ? ಅಂಟುತ್ತದೆ, ಕಲಾವಿದರು ಬೇಕೆಂದು ಅಂಟಿಸಿದಾಗ. ನಸ್ರೀನ್ ಹುಟ್ಟಿದ ವರ್ಷದಲ್ಲೇ ಅಲಿಗಢದಲ್ಲಿ ಹುಟ್ಟಿದವರು ಜರೀನಾ ಹಶ್ಮಿ. ಗಣಿತ ಓದಿದವರು, ಮುದ್ರಣಕಲೆಯಲ್ಲಿ ಪಳಗಿದವರು. ನಸ್ರೀನ್ ಕುಟುಂಬ ಕರಾಚಿಯಿಂದ ಬೊಂಬಾಯಿಗೆ ಬಂದರೆ ಜರೀನಾ ಅವರ ತಂದೆತಾಯಿ ಅಲಿಗಢ ಬಿಟ್ಟು ಕರಾಚಿಗೆ ಹೋದರು. 2001ರಲ್ಲಿ ಜರೀನಾ ಒಂದು ಮರದಚ್ಚು ಮಾಡಿದರು. ತಿಳಿ ಹಿನ್ನೆಲೆಯ ಮೇಲೆ ಅಂಕುಡೊಂಕಾಗಿ ಇಳಿಯುವ ಒಂದೇ ಒಂದು ಕಪ್ಪು ಗೆರೆ. ಮರದಚ್ಚಿನಲ್ಲಿ ಗೆರೆ ಮೂಡಬೇಕಾದರೆ ಗೆರೆಯನ್ನು ಕೆತ್ತುವುದಿಲ್ಲ, ಅದರ ಎರಡೂ ಪಕ್ಕದ ಮರವನ್ನು ಕೆತ್ತಿ ತೆಗೆಯುತ್ತಾರೆ. ಉಳಿದ ಏಣು ಶಾಯಿ ಹಿಡಿಯುತ್ತದೆ. ಕೃತಿಯ ಹೆಸರು ‘ಡಿವೈಡಿಂಗ್ ಲೈನ್’. 1947ರಲ್ಲಿ ಭಾರತ–ಪಾಕಿಸ್ತಾನದ ನಡುವೆ ಕೆಲವೇ ವಾರಗಳಲ್ಲಿ ಸಿರಿಲ್ ರ‍್ಯಾಡ್‌ಕ್ಲಿಫ್ ಎಳೆದ ಗಡಿ ಅದು. ಹೆಸರು ಓದಿದ ಮೇಲೆ ಅದನ್ನು ಬರೀ ಗೆರೆಯಾಗಿ ನೋಡಲು ಆಗುವುದೇ ಇಲ್ಲ. ಎರಡೂ ಬದಿಯನ್ನು ಕೆತ್ತಿ ಹಾಕಿದರೆ ಮಾತ್ರ ಉಳಿಯುವ ಗೆರೆ ಎಂಬ ಅಚ್ಚಿನಮನೆಯ ಸಂಗತಿ ಇತಿಹಾಸವಾಗಿಬಿಡುತ್ತದೆ. ಜರೀನಾಗೆ ಆ ಹೆಸರು ಬೇಕೇಬೇಕಿತ್ತು. ನಸ್ರೀನ್‌ಗೆ ಹೆಸರೇ ಅಡ್ಡಿಯಾಗಿತ್ತು. ‘ಕಡಲು’ ಎಂದು ಬರೆದಿದ್ದರೆ ನಾವು ಕಡಲು ಕಂಡು ಸುಮ್ಮನಾಗಿಬಿಡುತ್ತಿದ್ದೆವು.

ನಮ್ಮ ಕಡೆಯ ಓದುಗರಿಗೆ ಇಲ್ಲಿ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ನೆನಪಾಗಬಹುದು. ಉಡುಪಿಯ ಹತ್ತಿರದ ಹಳ್ಳಿಯಿಂದ ಬೊಂಬಾಯಿಗೆ ಹೋಗಿ ನೆಲೆಸಿದ ಹೆಬ್ಬಾರರು 1964ರಲ್ಲಿ ‘ದಿ ಸಿಂಗಿಂಗ್ ಲೈನ್’ ಎಂಬ ರೇಖಾಚಿತ್ರಗಳ ಪುಸ್ತಕ ತಂದರು. ಎತ್ತಿದ ಕೈ ಬೀಸಿದ ವೇಗದಲ್ಲಿ ನರ್ತಕಿ ಕಾಗದಕ್ಕೆ ಇಳಿದುಬಿಡುವ ಆ ಗೆರೆ ನೋಡಿ ತಲೆದೂಗದವರಿಲ್ಲ. ನನ್ನ ಸಲಹೆ ಇಷ್ಟು: ಹೆಬ್ಬಾರರ ಒಂದು ಚಿತ್ರ ತೆಗೆದುಕೊಂಡು ನರ್ತಕಿಯನ್ನು ಮರೆತು ಬರೀ ಗೆರೆಯ ಬೆನ್ನುಹತ್ತಿ. ಎಲ್ಲಿ ಉಬ್ಬಿತು, ಎಲ್ಲಿ ತೆಳುವಾಯಿತು, ಎಲ್ಲಿ ಕಡಿದು ಮತ್ತೆಲ್ಲಿ ಹುಟ್ಟಿತು. ಅಷ್ಟು ಅಭ್ಯಾಸವಾದರೆ ನಸ್ರೀನ್ ಅವರ ಚಿತ್ರ ನೋಡಲು ಬೇಕಾದ ಕಣ್ಣು ಅರ್ಧ ತಯಾರಾದಂತೆ.

ಆದರೆ ಕೆಲವರು ಹೇಳುವ ಹಾಗೆ ‘ಇದೂ ನಮ್ಮ ರಂಗೋಲಿಯೇ ತಾನೆ’ ಎಂಬ ಸಮಾಧಾನವನ್ನು ನಾನು ಒಪ್ಪಲಾರೆ. ರಂಗೋಲಿಗೆ ಹೊಸ್ತಿಲಿದೆ, ಹಬ್ಬವಿದೆ, ತಾಯಿಯಿಂದ ಮಗಳಿಗೆ ಬಂದ ಚುಕ್ಕಿಯ ಲೆಕ್ಕವಿದೆ. ಅದು ಯಾಕಿದೆ ಎಂದು ಯಾರೂ ಕೇಳಬೇಕಿಲ್ಲ. ಇಲ್ಲದಿದ್ದರೆ ಮನೆಯಲ್ಲಿ ಏನಾಯಿತು ಎಂದು ಕೇಳುತ್ತಾರೆ. ನಸ್ರೀನ್ ಅವರ ಗೆರೆಗೆ ಇಂಥ ಯಾವ ಆಸರೆಯೂ ಇಲ್ಲ. ಅದರ ಕಷ್ಟವೂ ಸ್ವಾತಂತ್ರ್ಯವೂ ಅಲ್ಲೇ ಇದೆ.

ಎಳೆಯುವ ಕೈಯೂ ಬೇಡ ಎಂದವರು ಅಮೆರಿಕದ ಕಲಾವಿದ ಸೋಲ್ ಲೆವಿಟ್. 1968ರಿಂದ ಅವರು ಮಾಡಿದ ಗೋಡೆಚಿತ್ರಗಳು ಮೂಲತಃ ಲಿಖಿತ ಸೂಚನೆಗಳು. ಸೂಚನೆಯಂತೆ ಯಾರು ಬೇಕಾದರೂ ಗೋಡೆಯ ಮೇಲೆ ಗೆರೆ ಎಳೆಯಬಹುದು. ಪ್ರದರ್ಶನ ಮುಗಿದ ಮೇಲೆ ಸುಣ್ಣ ಬಳಿಯಬಹುದು. ‘ನಮ್ಮ ಹುಡುಗನೂ ಎಳೀತಾನೆ’ ಎಂದವರಿಗೆ ಲೆವಿಟ್ ಖುಷಿಯಿಂದ ಪೆನ್ಸಿಲು ಕೊಡುತ್ತಿದ್ದರೇನೋ. ಬುದ್ಧಿಗೆ ಇದು ಬಹಳ ಹಿಡಿಸುತ್ತದೆ. ನನಗಂತೂ ಕೈಯ ಗುರುತು ಉಳಿದ ಗೆರೆಯ ಮುಂದೆಯೇ ಹೆಚ್ಚು ಹೊತ್ತು ನಿಲ್ಲಬೇಕೆನಿಸುತ್ತದೆ.

ಒಂದು ತಕರಾರು ಬಾಕಿ ಇದೆ. ಎಲ್ಲ ಬರಿಗೆರೆಯೂ ಹೀಗೆ ನೋಡಲು ಯೋಗ್ಯವೇ? ಖಂಡಿತ ಅಲ್ಲ. ಖಾಲಿ ಬಿಟ್ಟದ್ದನ್ನೆಲ್ಲ ಮೌನವೆಂದೂ ಧ್ಯಾನವೆಂದೂ ಹೊಗಳುವ ಗೀಳು ಹೋಟೆಲ್ಲಿನ ಗೋಡೆಗಳಿಗೂ ಅಪಾರ್ಟ್‌ಮೆಂಟಿನ ಹಾಲ್‌ಗಳಿಗೂ ಬಂದಿದೆ. ಎರಡು ಗೆರೆ, ಒಂದು ವೃತ್ತ, ಬಿಳಿ ಚೌಕಟ್ಟು. ಸೋಫಾದ ಬಣ್ಣಕ್ಕೆ ಹೊಂದಿದರೆ ಸಾಕು. ಅಂಥದ್ದನ್ನು ಗುರುತಿಸಲು ಒಂದು ಪರೀಕ್ಷೆ ಇದೆ. ಯಾವುದಾದರೂ ಒಂದು ಗೆರೆಯನ್ನು ಮನಸ್ಸಿನಲ್ಲೇ ಅರ್ಧ ಅಂಗುಲ ಸರಿಸಿ ನೋಡಿ. ಚಿತ್ರಕ್ಕೆ ಏನೂ ಆಗದಿದ್ದರೆ ಅದು ಅಲಂಕಾರ. ಇಡೀ ಚಿತ್ರ ಕುಸಿದಂತೆ ಅನ್ನಿಸಿದರೆ ಅಲ್ಲಿ ಯಾರೋ ಯೋಚಿಸಿದ್ದಾರೆ. ನಸ್ರೀನ್ ಅವರ ಒಳ್ಳೆಯ ಚಿತ್ರಗಳಲ್ಲಿ ಸರಿಸಬಹುದಾದ ಗೆರೆ ನನಗೆ ಸಿಕ್ಕಿಲ್ಲ. ಅಷ್ಟು ಒಳ್ಳೆಯದಲ್ಲದ ಚಿತ್ರಗಳೂ ಅವರಲ್ಲಿವೆ. ಕೆಲವು ಜಾಲರಿಗಳು ಅಭ್ಯಾಸದ ಹಾಳೆಯಂತೆ ಕಾಣುತ್ತವೆ.

ಪುಸ್ತಕದಲ್ಲಿ, ಮೊಬೈಲಿನಲ್ಲಿ ಇವನ್ನು ನೋಡಿ ತೀರ್ಪು ಕೊಡಬೇಡಿ. ಪೆನ್ಸಿಲಿನ ತಿಳಿಗೆರೆ ಅಚ್ಚಿನಲ್ಲಿ ಮಾಯವಾಗುತ್ತದೆ. ಫೋನಿನ ಪರದೆಯಲ್ಲಿ ಒತ್ತುಗೆರೆಗಳು ಸೇರಿ, ಚಿತ್ರದಲ್ಲಿ ಇಲ್ಲವೇ ಇಲ್ಲದ ಅಲೆಗಳನ್ನು ಎಬ್ಬಿಸುತ್ತವೆ. ನಸ್ರೀನ್ ಅವರ ಕೃತಿಗಳ ದೊಡ್ಡ ಸಂಗ್ರಹವೊಂದು ದೆಹಲಿಯ ಕಿರಣ್ ನಾಡಾರ್ ಕಲಾ ಸಂಗ್ರಹಾಲಯದಲ್ಲಿದೆ. 2013ರಲ್ಲಿ ಅವರ ಸಮಗ್ರ ಪ್ರದರ್ಶನ ನಡೆದದ್ದೂ ಅಲ್ಲೇ. ಬೆಳಕು ತಾಗಿದಷ್ಟೂ ಕಾಗದ ಬೇಗ ಹಾಳಾಗುವುದರಿಂದ ಇಂಥ ಕೃತಿಗಳನ್ನು ಸಂಗ್ರಹಾಲಯಗಳು ಸಾಮಾನ್ಯವಾಗಿ ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ, ಕೆಲವೇ ತಿಂಗಳ ಕಾಲ ಹೊರಗಿಟ್ಟು ಮತ್ತೆ ಒಳಗಿಡುತ್ತವೆ. ಆದ್ದರಿಂದ ಹೊರಡುವ ಮೊದಲು ಈಗ ಏನೇನು ಪ್ರದರ್ಶನದಲ್ಲಿದೆ ಎಂದು ವಿಚಾರಿಸಿಕೊಳ್ಳಿ. ನಲವತ್ತು ದಾಟಿದವರು ಓದುವ ಕನ್ನಡಕ ಮರೆಯದೆ ಒಯ್ಯಿರಿ, ಚೀಟಿ ಓದುವುದಕ್ಕಲ್ಲ, ಗೆರೆ ನೋಡುವುದಕ್ಕೆ.